ಬೇಡವೆಂದವಳ ಒಂಬತ್ತು ದಿನ
ನಾಡಿನ ಹೆಂಗಸರ ಫುಟ್‌ಬಾಲ್ ತಂಡದ ಪಟ್ಟಿಯಲ್ಲಿ ಇಪ್ಪತ್ತೊಂದು ಹೆಸರು ಬಿದ್ದಾಗಿತ್ತು, ಒಂದು ಜಾಗ ಖಾಲಿಯಿತ್ತು. ಅದನ್ನು ತುಂಬಿಸುವ ಕೆಲಸ ನನ್ನ ತಲೆಗೆ ಬಂದದ್ದು ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ, ನಾನು ಎರಡು ಹೆಂಚನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತಿದ್ದಾಗ. ತರಬೇತುದಾರ ಶಾಂತರಾಜು ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೆ ಊರಿ ನಿಂತ.

"ಅಂಬುಜಕ್ಕ, ಬದಿಯಲ್ಲಿ ಓಡೋಕೆ ಇನ್ನೊಬ್ಬಳು ಬೇಕು. ಎಡವೋ ಬಲವೋ, ಯಾವ ಬದಿ ಆದ್ರೂ ಸರಿ. ಇರೋದು ಇಬ್ಬರು, ಪ್ರಫುಲ್ಲಾ, ಹೊನ್ನಿ. ನೀವು ಒಬ್ಬಳನ್ನ ಬೇಡ ಅಂದ್ಕೊಡಿ."

"ಆರಿಸ್ಕೊಡಿ ಅನ್ನಪ್ಪ, ಕೇಳೋಕಾದ್ರೂ ಚೆನ್ನಾಗಿರತ್ತೆ."

"ಹೆಂಗಂದ್ರೂ ಹಾಸಿಗೆ ಸುತ್ಕೊಂಡು ಹೋಗೋರು ನೀವೇ ತಾನೆ," ಅಂದ.

ನಮ್ಮ ಊರಿನಲ್ಲಿ ಇಬ್ಬರು ಮನುಷ್ಯರ ನಡುವೆ ಒಬ್ಬರನ್ನು ಬೇಡ ಎಂದವರು ಆ ಬೇಡವಾದವರ ಮನೆಯಲ್ಲಿ ಒಂಬತ್ತು ದಿನ ಇರಬೇಕು. ಹೊಸ್ತಿಲಲ್ಲಿ ನಿಂತು ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಒಳಗೆ ಹೋಗಬೇಕು, ಅವರು ಉಂಡದ್ದನ್ನು ಉಣ್ಣಬೇಕು, ಅವರ ಕೆಲಸಕ್ಕೆ ಕೈಹಚ್ಚಬೇಕು. ಇದಕ್ಕೆಂದೇ ಎಲ್ಲರ ಮನೆಯಲ್ಲೂ ಒಂದು ಕೋಣೆ ಇದೆ. ಉಳ್ಳವರ ಮನೆಯಲ್ಲಿ ಆ ಕೋಣೆಗೊಂದು ಕಿಟಕಿ ಇರುತ್ತದೆ, ಇಲ್ಲದವರ ಮನೆಯಲ್ಲಿ ಅದರ ತುಂಬ ಸೌದೆ ಇರುತ್ತದೆ. ಹೆಣ್ಣು ನೋಡಿ ಒಲ್ಲೆ ಎಂದ ಗಂಡುಗಳು, ಕೆಲಸ ಕೊಡಲಾರೆ ಎಂದ ಯಜಮಾನರು ಎಲ್ಲರೂ ಅಲ್ಲಿ ಮಲಗಿ ಎದ್ದವರೇ. ಶಾಲೆಯಲ್ಲಿ ಯಾವ ಮೇಷ್ಟ್ರೂ ಯಾರನ್ನೂ ಫೇಲು ಮಾಡುವುದಿಲ್ಲ. ಮದುವೆ ಮಾತುಕತೆಗೆ ಹೋಗುವವರು ಮೊದಲು ಆ ಮನೆಯ ಸಾರು ಹೇಗಿರುತ್ತದೆ ಎಂದು ವಿಚಾರಿಸಿಕೊಂಡೇ ಹೋಗುತ್ತಾರೆ. ಒಂಬತ್ತು ದಿನ ತುಂಬುವ ಮೊದಲೇ ಎದ್ದು ಬಂದರೆ ಹೇಳಿದ 'ಬೇಡ' ಬಿದ್ದುಹೋಗುತ್ತದೆ, ಬೇರೆ ಯಾರಾದರೂ ಹೊಸದಾಗಿ ನೋಡಬೇಕು. ಹಾಗೆ ಎದ್ದು ಬಂದವರ ಮಾತನ್ನು ಆಮೇಲೆ ಊರು ತೂಕಕ್ಕೆ ಹಿಡಿಯುವುದಿಲ್ಲ. ಅವರು ಈ ಮಾವಿನಕಾಯಿ ಹುಳಿ ಎಂದರೂ ಇನ್ನೊಬ್ಬರು ಕಚ್ಚಿ ನೋಡುತ್ತಾರೆ.

ನಾನು ಇಪ್ಪತ್ತು ವರ್ಷದಿಂದ ಹೆಂಚು ಆರಿಸುವವಳು. ಹೆಂಚಿಗೆ ಮನೆಯಿಲ್ಲ. ದಿನಕ್ಕೆ ಇನ್ನೂರು ಹೆಂಚನ್ನು ಬೇಡ ಎಂದರೂ ಸಂಜೆ ನನ್ನ ಮನೆಗೇ ಹೋಗಿ ಮಲಗಬಹುದು. ಮನುಷ್ಯರನ್ನು ಬೇಡ ಎನ್ನುವ ಕೆಲಸವನ್ನು ನಾನು ಯಾವತ್ತೂ ಒಪ್ಪಿಕೊಂಡವಳಲ್ಲ. ಆದರೆ ಹಿಂದಿನ ಎರಡು ಸಲ, ಯಾರೂ ಮುಂದೆ ಬರದೆ, ಚೀಟಿ ಎತ್ತಿ ತಂಡ ಕಟ್ಟಿದ್ದರು. ಎರಡು ಸಲವೂ ಹುಡುಗಿಯರು ಮೊದಲ ಪಂದ್ಯದಲ್ಲೇ ಸೋತು, ಹಡಗಿನಿಂದ ತಲೆ ತಗ್ಗಿಸಿಕೊಂಡು ಇಳಿದಿದ್ದರು. ನಾನೂ ಒಂದು ಕಾಲದಲ್ಲಿ ಬದಿಯಲ್ಲಿ ಓಡಿದವಳು. ಆಗಲಿ ಅಂದುಬಿಟ್ಟೆ.

ಮೂರು ಪಂದ್ಯ ನೋಡಿದೆ. ಇಬ್ಬರೂ ಬಲಬದಿಯಲ್ಲೇ ಆಡುತ್ತಿದ್ದರು, ಒಂದು ಅರ್ಧ ಒಬ್ಬಳು, ಇನ್ನೊಂದು ಅರ್ಧ ಇನ್ನೊಬ್ಬಳು. ಪ್ರಫುಲ್ಲಾ ಹಡಗು ನಿಲ್ಲುವ ದಕ್ಕೆಯ ಹತ್ತಿರದ ದೋಣಿಯವರ ಮಗಳು, ಎತ್ತರದವಳು. ಚೆಂಡು ಕಾಲಿಗೆ ಬರುವ ಮೊದಲೇ ತಲೆಯೆತ್ತಿ ಗೋಲಿನ ಮುಂದೆ ಯಾರಿದ್ದಾರೆಂದು ನೋಡಿಕೊಳ್ಳುವಳು. ಗೆರೆಯಂಚಿನಿಂದ ಅವಳು ಒಳಕ್ಕೆ ತೂರಿದ ಒಂಬತ್ತು ಚೆಂಡುಗಳಲ್ಲಿ ಐದು ನಮ್ಮವರ ತಲೆಗೇ ಸಿಕ್ಕವು. ಎದುರಾಳಿ ಮೇಲೆ ಬಿದ್ದಾಗ ಹಿಂದಕ್ಕೆ ಓಡಿಬಂದು ರಕ್ಷಣೆಗೂ ನಿಲ್ಲುತ್ತಿದ್ದಳು. ಹೊನ್ನಿ ಕುಳ್ಳಗೆ ಗಟ್ಟಿ ಮೈಯವಳು, ಮಂಡಕ್ಕಿ ಭಟ್ಟಿಯ ದಿಬ್ಬದವಳು. ಕಾಲಲ್ಲಿ ಚೆಂಡಿದ್ದರೆ ಅವಳನ್ನು ಹಿಡಿಯುವವರಿರಲಿಲ್ಲ, ತನ್ನ ಕಾವಲಿನವಳನ್ನು ಏಳು ಸಲ ದಾಟಿ ಹೋದಳು. ಆದರೆ ಒಳಗಿನಿಂದ "ಬಿಡು", "ಹಿಂದೆ", "ಬಂದ್ರು" ಎಂದು ಸಂಗಡಿಗರು ಗಂಟಲು ಹರಿದುಕೊಂಡರೂ ತನ್ನ ಪಾಡಿಗೆ ತಾನು ಓಡುತ್ತಿದ್ದಳು. ನಾಲ್ಕು ಸಲ ಒಳಗಿನಿಂದ ಬಂದ ಕಾಲು ಅವಳ ಚೆಂಡನ್ನು ಕಸಿದುಕೊಂಡು ಹೋಯಿತು. ಅದರಲ್ಲಿ ಒಂದು ನಮ್ಮ ಗೋಲಿನಲ್ಲೇ ಮುಗಿಯಿತು.

ಬರೆದ ಲೆಕ್ಕ ಒಂದು ಕಡೆ, ನನ್ನ ಹೆದರಿಕೆ ಇನ್ನೊಂದು ಕಡೆ. "ಪ್ರಫುಲ್ಲಾ ಮನೆ ಕೋಣೆಗೆ ಕಡಲ ಕಡೆ ಕಿಟಕಿ ಇದೆಯಂತೆ, ನಿನ್ನ ಮಂಡಿಗೆ ಆ ಭಟ್ಟಿ ದಿಬ್ಬ ಹತ್ತೋದಾಗಲ್ಲ," ಅಂದಿದ್ದರು ನನ್ನ ಗಂಡ. ಆ ಮಾತು ಕಿವಿಗೆ ಬಿದ್ದ ಮೇಲೆ ಪ್ರಫುಲ್ಲಾಳ ಒಂದೊಂದು ತಪ್ಪೂ ನನಗೆ ದೊಡ್ಡದಾಗಿ ಕಾಣತೊಡಗಿತು. ನನಗೆ ನನ್ನ ಮೇಲೇ ಅನುಮಾನ ಬಂತು. ಕೊನೆಗೆ ಹೊನ್ನಿ ಬೇಡ ಎಂದು ಬರೆದಾಗ ಒಂದು ಸಮಾಧಾನವಿತ್ತು: ಸುಖ ಬಿಟ್ಟು ಕಷ್ಟದ ಮನೆಗೆ ಹೋಗುತ್ತಿದ್ದೇನೆ, ಅಂದ ಮೇಲೆ ನನ್ನ ತೀರ್ಮಾನ ಪ್ರಾಮಾಣಿಕವೇ ಇರಬೇಕು. ಪ್ರಾಮಾಣಿಕವಾಗಿಯೂ ತಪ್ಪು ಮಾಡಬಹುದು ಎನ್ನುವುದು ಆಗ ಹೊಳೆಯಲಿಲ್ಲ.

ದಿಬ್ಬ ಹತ್ತಿ ಹೋದಾಗ ಹೊನ್ನಿಯೂ ಅವಳ ತಾಯಿ ಸಾತವ್ವನೂ ಬಾಗಿಲಲ್ಲೇ ನಿಂತಿದ್ದರು. ದೂರದಿಂದಲೇ ಹಾಸಿಗೆಯ ಸುರುಳಿ ಕಂಡಿರಬೇಕು. ನಾನು ಹೊಸ್ತಿಲಲ್ಲಿ ನಿಂತು ಚೀಟಿ ಓದಿದೆ. "ಹೊನ್ನಿ ಆಟದ ನಡುವೆ ಸಂಗಡಿಗರ ಕೂಗಿಗೆ ಕಿವಿಗೊಡುವುದಿಲ್ಲ."

ಸಾತವ್ವ ತಟ್ಟನೆ ಮಗಳ ಮುಖ ನೋಡಿದಳು. ಹೊನ್ನಿಯ ತುಟಿಯ ಮೇಲೆ ನಗುವಿನಂಥದೇನೋ ಬಂದು ಹೋಯಿತು. "ಒಳಗೆ ಬನ್ನಿ, ಕೈಕಾಲು ತೊಳ್ಕೊಳ್ಳಿ," ಅಂದು ಅವಳೇ ನನ್ನ ಹಾಸಿಗೆ ಇಸಕೊಂಡಳು.

ಕೋಣೆಯಲ್ಲಿ ಗೋಡೆಯೆತ್ತರಕ್ಕೆ ಸೌದೆ. ಒರಗಿಕೊಳ್ಳಲು ಎರಡು ಮೊಳ ಜಾಗ. ಬೆಳಿಗ್ಗೆ ಭಟ್ಟಿ ಹೊತ್ತಿಕೊಂಡರೆ ಮಧ್ಯಾಹ್ನದವರೆಗೆ ಕೆಲಸ. ಉಪ್ಪುನೀರು ಹಾಕಿ ಆರಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕುವುದು, ಅರಳಿದ ಕೂಡಲೇ ಜರಡಿಗೆ ಸುರಿದು ಮರಳು ಬೇರೆ ಮಾಡುವುದು. ನನಗೆ ಸೌದೆ ಒಡ್ಡುವ ಕೆಲಸ. ಸಾತವ್ವ ಬೇಕಾದಷ್ಟೇ ಮಾತಾಡುವಳು. ಹೊನ್ನಿ ಅಷ್ಟೂ ಇಲ್ಲ. ಊಟಕ್ಕೆ ಎಡಭುಜವನ್ನು ಗೋಡೆಗೆ ತಾಗಿಸಿ, ನಮ್ಮಿಬ್ಬರಿಗೂ ಬಲಗೆನ್ನೆ ತೋರಿಸಿ ಕೂರುತ್ತಿದ್ದಳು. ನನ್ನ ಮುಖ ನೋಡಲು ಇಷ್ಟವಿಲ್ಲ ಅಂದುಕೊಂಡೆ. ನಾನು ಹಿಂದಿನಿಂದ ಏನಾದರೂ ಕೇಳಿದರೆ ಸುಮ್ಮನೆ ಹೋಗಿಬಿಡುತ್ತಿದ್ದಳು. ಅದೂ ಸಹಜವೇ ಅಂದುಕೊಂಡೆ. ದಿನ ಎಣಿಸತೊಡಗಿದೆ.

ಐದನೆಯ ದಿನ ಮಧ್ಯಾಹ್ನ ದೊಡ್ಡ ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿತ್ತು. ಹೊನ್ನಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಜರಡಿ ಸರಿಮಾಡುತ್ತಿದ್ದಳು, ಅವಳ ಬಲಕ್ಕೆ ಬೆಂಕಿ ಭೋರೆನ್ನುತ್ತಿತ್ತು. ನಾನು ಅವಳ ಎಡಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿ, ಸೌದೆ ಹಿಡಿದು ನಿಂತಿದ್ದೆ. ಬಾಣಲೆಯ ಕೆಳಗಿನ ಕಲ್ಲೊಂದು ಮೆಲ್ಲಗೆ ಜರುಗಿತು.

"ಹೊನ್ನೀ, ಹಿಂದಕ್ಕೆ!" ಎಂದು ಕೂಗಿದೆ. ಒಂದು ಕಾಲದಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದ ದನಿ ನನ್ನದು. ಅವಳು ತಲೆಯೂ ಎತ್ತಲಿಲ್ಲ. ಇನ್ನೊಮ್ಮೆ ಕೂಗಿದೆ. ಬಾಣಲೆ ವಾಲಿತು. ಸಾತವ್ವ ಎಲ್ಲಿದ್ದಳೋ, ಬಂದವಳೇ ಮಗಳ ರಟ್ಟೆ ಹಿಡಿದು ಎಳೆದು ಬೀಳಿಸಿದಳು. ಅವಳ ಪಾದಗಳಿದ್ದ ಜಾಗದಲ್ಲಿ ಮರಳು ಸುರಿದು ಹೊಗೆಯಾಡಿತು. ಲಂಗದ ಅಂಚು ಸುಟ್ಟಿತ್ತು, ಅಷ್ಟೇ.

ನಾನು ಸೌದೆ ಬಿಸಾಕಿ ಅವಳ ಹತ್ತಿರ ಓಡಿದೆ. "ಅಷ್ಟು ಕೂಗಿದ್ನಲ್ಲ, ಕೇಳ್ಲಿಲ್ವ ನಿಂಗೆ?"

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು.

"ಎಡಗಿವಿ ಇಲ್ಲ," ಅಂದಳು ಹೊನ್ನಿ. "ಆರು ವರ್ಷದವಳಿದ್ದಾಗ ಜ್ವರ ಬಂದು ಹೋಯ್ತು. ನೀವು ಬಾಗಿಲಲ್ಲಿ ಓದಿದ್ರಲ್ಲ, ಕಿವಿಗೊಡೋದಿಲ್ಲ ಅಂತ. ಕೊಡೋಕೆ ಇರೋದೇ ಒಂದು."

"ನಿಮ್ ಕಾಲಿಗ್ ಬೀಳ್ತೀನಿ, ಯಾರ್ಗೂ ಹೇಳ್ಬೇಡಿ," ಅಂದಳು ಸಾತವ್ವ. "ಕಿವುಡಿ ಅಂತ ಹೆಸ್ರು ಬಿದ್ರೆ ಮೈದಾನದೊಳಕ್ಕೂ ಬಿಟ್ಕೊಳ್ಳಲ್ಲ."

ನಾನು ಅಲ್ಲೇ ಸೌದೆಯ ಮೇಲೆ ಕೂತೆ. ಬಲಬದಿಯಲ್ಲಿ ಓಡುವವಳ ಬಲಕ್ಕೆ ಇರುವುದು ಗೆರೆ ಮಾತ್ರ. ಮೈದಾನ, ಸಂಗಡಿಗರು, ಎಚ್ಚರಿಸುವ ಕೂಗು ಎಲ್ಲವೂ ಅವಳ ಎಡಕ್ಕೆ. ಮೂರು ಪಂದ್ಯದ ಒಂದೊಂದು ಗಳಿಗೆಯೂ ಕಣ್ಣ ಮುಂದೆ ಬಂದು ನಿಂತಿತು. ನಾನು ಅವಳ ಗರ್ವ ಎಂದು ಬರೆದುಕೊಂಡದ್ದು ಬರೀ ಅವಳ ಎಡಗಿವಿಯ ಮೌನವಾಗಿತ್ತು.

"ಬಲಗಡೆ ಯಾಕೆ ಆಡ್ತೀಯ ಮತ್ತೆ?"

"ಬಲಗಾಲಿನೋಳು ಬಲಗಡೆ ಅಂತ ಶಾಲೇಲಿ ನಿಲ್ಲಿಸಿದ್ರು. ಆಮೇಲೆ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಮರುದಿನ ಭಟ್ಟಿ ಆರಿದ ಮೇಲೆ ಅಕ್ಕಿ ಒಣಗಿಸುವ ಕಣದಲ್ಲಿ ಬೂದಿಯಿಂದ ಗೆರೆ ಎಳೆದೆ. ಮೊದಲು ಬಲಬದಿಗೆ ಓಡಿಸಿ ಒಳಗಿನಿಂದ ಹತ್ತು ಸಲ ಕೂಗಿದೆ. ಮೂರು ಸಲ ತಿರುಗಿದಳು, ಅದೂ ನನ್ನ ನೆರಳು ನೋಡಿ. ಆಮೇಲೆ ಎಡಬದಿಗೆ. ಹತ್ತಕ್ಕೆ ಹತ್ತು. ಏಳನೆಯ ಸಲ ನಾನು ಕೂಗಲಿಲ್ಲ, ಸುಮ್ಮನೆ ಮಾತಾಡುವ ದನಿಯಲ್ಲಿ "ಬಿಡು" ಅಂದೆ. ಅವಳು ಚೆಂಡಿನ ಮೇಲಿಂದ ಕಾಲು ದಾಟಿಸಿ ನನಗೆ ಬಿಟ್ಟು, ಬಲಗಾಲಿನ ಮೇಲೆ ಒಳಕ್ಕೆ ತಿರುಗಿ, ಗೋಲಿದ್ದಿದ್ದರೆ ಗೋಲಿಗೇ ನೇರವಾಗುವ ಹಾಗೆ ನಿಂತಿದ್ದಳು. ಹದಿನಾರು ದಾಟಿದ ಅವಳು ಮೊದಲ ಸಲ ಸರಿಯಾದ ಬದಿಗೆ ನಿಂತಿದ್ದಳು. ನನಗೆ ಸಂತೋಷವಾಗಬೇಕಿತ್ತು. ನಾನು ದಿನ ಲೆಕ್ಕ ಹಾಕತೊಡಗಿದೆ.

ತಂಡವನ್ನು ಪಂದ್ಯಗಳಿಗೆ ಒಯ್ಯುವ ಹಡಗು ಹೊರಡಲು ಇನ್ನು ಆರು ದಿನ. ನಾನು ಒಂಬತ್ತು ದಿನ ತುಂಬಿಸಿದರೆ ನನ್ನ 'ಬೇಡ' ಗಟ್ಟಿಯಾಗುತ್ತದೆ, ಆಮೇಲೆ ಅದನ್ನು ಯಾರೂ ಅಲ್ಲಾಡಿಸಲಾರರು. ಎದ್ದು ಹೋದರೆ ಅದು ಬೀಳುತ್ತದೆ, ಜೊತೆಗೆ ನನ್ನ ಇಪ್ಪತ್ತು ವರ್ಷದ ಕೆಲಸವೂ. ಮಾತಿಗೆ ತೂಕವಿಲ್ಲದವಳು ತಟ್ಟಿದ ಹೆಂಚನ್ನು ಯಾರು ಮಾಡಿಗೆ ಹಾಕಿಕೊಳ್ಳುತ್ತಾರೆ? ಅದಕ್ಕಿಂತ ಹೆಚ್ಚಿಗೆ ಕಾಡಿದ್ದು ಪ್ರಫುಲ್ಲಾ. ಅವಳಿಗೆ ಹೌದು ಎಂದು ಹೇಳಿದವಳೂ ನಾನೇ.

ಏಳನೆಯ ದಿನ ಬೆಳಿಗ್ಗೆ ಹಾಸಿಗೆ ಸುತ್ತಿದೆ. ಸಾತವ್ವ ಬಾಗಿಲಿಗೆ ಅಡ್ಡ ನಿಂತಳು. "ಊಟದಾಗೇನಾರ ಕಮ್ಮಿ ಮಾಡಿದ್ವಾ? ಜನ ಏನಂತಾರೆ ನಮ್ಮನೆ ಬಗ್ಗೆ?"

"ಏನೂ ಕಮ್ಮಿ ಆಗಿಲ್ಲ ಸಾತವ್ವ. ಕೇಳಿದೋರಿಗೆಲ್ಲ ನಾನೇ ಹೇಳ್ತೀನಿ."

"ನೀವು ಹೇಳಿದ್ರೆ ಇನ್ನು ಯಾರು ನಂಬ್ತಾರೆ?" ಅಂದಳು ಹೊನ್ನಿ. ಅವಳಿಗೆ ಎಲ್ಲವೂ ಅರ್ಥವಾಗಿತ್ತು. "ಹೊಸದಾಗಿ ನೋಡಿದ್ರೂ ಪ್ರಫುಲ್ಲಾನೇ ಗೆದ್ರೆ?"

"ಗೆಲ್ಲಬಹುದು. ಅವಳು ಚೆನ್ನಾಗಿ ಆಡ್ತಾಳೆ. ಆದ್ರೆ ನಿನ್ನ ಆಟ ನಾನು ನೋಡೇ ಇರ್ಲಿಲ್ಲ. ನೋಡದೇ ಬೇಡ ಅಂದೆ."

ಹಾಸಿಗೆ ಹೊತ್ತು ದಿಬ್ಬ ಇಳಿಯುವಾಗ ಜನ ಬೆರಳು ಮಡಚಿ ದಿನ ಲೆಕ್ಕ ಹಾಕಿದರು. ಲೆಕ್ಕ ಮುಗಿದವರು ಬಾಗಿಲು ಮುಂದೆಳೆದುಕೊಂಡರು. ಶಾಂತರಾಜು ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದ. ನನ್ನನ್ನು ಕಂಡು ಅವನ ಬಾಯಿಂದ ಸೀಟಿ ಜಾರಿತು.

"ಇನ್ನೆರಡು ದಿನ ತಡ್ಕೊಳ್ಳೋಕಾಗ್ಲಿಲ್ವ ಅಂಬುಜಕ್ಕ? ಇನ್ಮೇಲೆ ನಿಮ್ಮ ಮಾತು ತಗೊಳ್ಳೋ ಹಾಗಿಲ್ಲ ನಾನು."

"ತಗೋಬೇಡ. ಒಂದು ಬೇಡಿಕೆ ಇದೆ, ಅದನ್ನ ಕೇಳು. ಹೊನ್ನೀನ ಎಡಬದಿಗೆ ನಿಲ್ಲಿಸಿ ನೋಡು."

"ಕಾರಣ?"

"ನನಗೆ ಹೇಳೋ ಹಕ್ಕಿಲ್ಲ."

ಅವನು ಸೀಟಿ ಒರೆಸಿ ಜೇಬಿಗೆ ಹಾಕಿಕೊಂಡು, ಆಗಲಿ ಅಂದ. ಹೊಸದಾಗಿ ನೋಡಲು ಹಳೆಯ ಗೋಲ್‌ಕೀಪರ್ ರುದ್ರೋಜಿಯನ್ನು ಒಪ್ಪಿಸಿದರು. ರುದ್ರೋಜಿ ಎಪ್ಪತ್ತು ದಾಟಿದವನು, ಯಾರ ಮನೆಯ ಊಟಕ್ಕೂ ಹೆದರದವನು. ಎರಡು ದಿನ ಬಿಟ್ಟು ಪಂದ್ಯ ಇಟ್ಟರು.

ಆ ಸಂಜೆಯೇ ಪ್ರಫುಲ್ಲಾ ನನ್ನ ಮನೆಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ನಾನೇನು ತಪ್ಪು ಮಾಡ್ದೆ?"

"ಏನೂ ಇಲ್ಲ."

"ನಾನು ಬೇಕು ಅಂತ ನೀವೇ ಬರೆದ್ರಿ. ನಮ್ಮಪ್ಪ ಬೀದಿಗೆಲ್ಲ ಹೇಳ್ಕೊಂಡು ಬಂದ. ಈಗ ನಂದು ಹೌದೋ ಅಲ್ವೋ ಗೊತ್ತಿಲ್ಲ. ಅವಳ ಮನೇಲಿ ಏಳು ದಿನ ಇದ್ರಿ, ಅವಳು ನಿಮಗೆ ಹತ್ರ ಆದ್ಳು. ನಮ್ಮನೇಲಿ ಒಂದು ದಿನ ಆದ್ರೂ ಇದ್ರಾ?"

ಅವಳು ಹೋದ ಮೇಲೆ ಗಂಡ ನೀರು ತಂದು ಕೊಟ್ಟರು. ಹಾಸಿಗೆಯ ಸುರುಳಿಯನ್ನು ಬಿಚ್ಚದೆ ಹಾಗೇ ಗೋಡೆಗೆ ಒರಗಿಸಿಟ್ಟೆ.

ಪಂದ್ಯದ ದಿನ ನನ್ನನ್ನು ಬೇಲಿಯ ಒಳಗೆ ಬಿಡಲಿಲ್ಲ. ಹೊರಗೆ ನಿಂತು ನೋಡಿದೆ. ಆಟ ಶುರುವಾಗುವ ಮೊದಲು ಹೊನ್ನಿ ನಡು ಮೈದಾನಕ್ಕೆ ನಡೆದು ಬಂದಳು. ರುದ್ರೋಜಿಯ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಂಗೆ ಎಡಗಿವಿ ಕೇಳ್ಸಲ್ಲ. ಅದಕ್ಕೇ ಎಡಬದಿಗೆ ನಿಲ್ತಿದೀನಿ. ಕೂಗೋರು ನನ್ನ ಬಲಗಡೆಯಿಂದ ಕೂಗಿ." ಜನ ಗುಜುಗುಜು ಎಂದರು. ಬೇಲಿಯ ಆಚೆ ತುದಿಯಲ್ಲಿ ಸಾತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹೊನ್ನಿಗೆ ಹಾಗೆ ಹೇಳು ಅಂದಿರಲಿಲ್ಲ. ರುದ್ರೋಜಿ ತಲೆಯಾಡಿಸಿ ಗೆರೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ.

ಈಗ ಇಬ್ಬರೂ ಒಟ್ಟಿಗೆ ಮೈದಾನದಲ್ಲಿದ್ದರು, ಬಲಕ್ಕೆ ಪ್ರಫುಲ್ಲಾ, ಎಡಕ್ಕೆ ಹೊನ್ನಿ. ಪ್ರಫುಲ್ಲಾ ಸಿಟ್ಟಿನಲ್ಲಿ ಆಡಿದಳು, ಸಿಟ್ಟು ಅವಳ ಆಟವನ್ನು ಕೆಡಿಸಲಿಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಗೆರೆಯಂಚಿನಿಂದ ಅವಳು ತೂರಿದ ಚೆಂಡು ನಡುವಿನವಳ ಹಣೆಗೆ ಬಡಿದು ಗೋಲಾಯಿತು. ಹೊನ್ನಿ ಮೊದಲರ್ಧ ಪೂರ್ತಿ ತಡಬಡಾಯಿಸಿದಳು. ಹೊಸ ಬದಿ, ಗೆರೆ ತಪ್ಪಾದ ಕಡೆ, ಎರಡು ಸಲ ಚೆಂಡನ್ನು ಹೊರಗೆ ಹಾಕಿದಳು. ಸುಮ್ಮನೆ ಆ ಸೌದೆ ಕೋಣೆಯಲ್ಲಿ ಇನ್ನೆರಡು ದಿನ ಬಿದ್ದುಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಅನ್ನಿಸಿತು.

ಎರಡನೆಯ ಅರ್ಧದಲ್ಲಿ ಅವಳು ಕೇಳಿಸಿಕೊಳ್ಳತೊಡಗಿದಳು. "ಬಂದ್ರು" ಎಂದರೆ ಚೆಂಡನ್ನು ಹಿಂದಕ್ಕೆ ತಳ್ಳಿದಳು. "ಹೋಗು" ಎಂದರೆ ಹೊರಟಳು. ಮೂರು ಸಲ ಬಲಗಾಲಿನ ಮೇಲೆ ಒಳಕ್ಕೆ ನುಗ್ಗಿ, ರಕ್ಷಣೆಯ ಇಬ್ಬರನ್ನು ತನ್ನ ಹಿಂದೆ ಎಳೆದುಕೊಂಡು, ಅವರು ಬಿಟ್ಟುಬಂದ ಜಾಗಕ್ಕೆ ಚೆಂಡು ಸರಿಸಿದಳು. ಮೂರನೆಯದು ಗೋಲಾಯಿತು. ಕೊನೆಯ ಹತ್ತು ನಿಮಿಷದಲ್ಲಿ ಪ್ರಫುಲ್ಲಾ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿಬಂದು ನಮ್ಮ ಗೋಲಿನ ಗೆರೆಯ ಮೇಲೆ ಒಂದು ಚೆಂಡನ್ನು ತಡೆದಳು. ಸೀಟಿ ಊದಿದಾಗ ಯಾರು ಬೇಕು, ಯಾರು ಬೇಡ ಎಂದು ನನ್ನನ್ನು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ರುದ್ರೋಜಿ ಸ್ಟೂಲಿನ ಕೆಳಗಿಟ್ಟಿದ್ದ ಹಾಸಿಗೆ ಎತ್ತಿ ಹೆಗಲಿಗೇರಿಸಿದ. ಜನರೆಲ್ಲ ಅವನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದರು. ಉಪ್ಪಿನ ಗೋದಾಮಿನ ಹತ್ತಿರ ದಾರಿ ಒಡೆಯುತ್ತದೆ, ಒಂದು ದಿಬ್ಬಕ್ಕೆ, ಒಂದು ದಕ್ಕೆಗೆ. ಅಲ್ಲಿ ನಿಂತು ಹಾಸಿಗೆಯನ್ನು ಹೆಗಲು ಬದಲಿಸಿದ. ಆಮೇಲೆ ದಕ್ಕೆಯ ಕಡೆ ಇಳಿದ.

ಅವನು ಹೊಸ್ತಿಲಲ್ಲಿ ಹೇಳಿದ ವಾಕ್ಯ ಸಂಜೆಯೊಳಗೆ ಊರೆಲ್ಲ ಹಬ್ಬಿತು: "ಪ್ರಫುಲ್ಲಾ ಗೋಲಿಗೆ ಚೆಂಡು ಕಳಿಸ್ತಾಳೆ, ಹೊನ್ನಿ ಗೋಲಿಗೆ ದಾರಿ ತೆಗೀತಾಳೆ, ನಮ್ಮ ತಂಡದಲ್ಲಿ ಕಮ್ಮಿ ಇರೋದು ದಾರಿ." ನ್ಯಾಯವಾದ ಮಾತು. ಕೇಳಿ ನನಗೆ ಸಮಾಧಾನ ಬರಲಿಲ್ಲ. ಕಾರ್ಖಾನೆಯಲ್ಲಿ ನನ್ನ ಮಣೆಯ ಮೇಲೆ ಆಗಲೇ ಇನ್ನೊಬ್ಬಳು ಕೂತು ಹೆಂಚು ತಟ್ಟುತ್ತಿದ್ದಳು. ಬರುವ ವಾರದಿಂದ ಮಣ್ಣು ಹೊರುವ ಕೆಲಸಕ್ಕೆ ಬಾ ಅಂದಿದ್ದರು. ಮರುದಿನ ಬೆಳಿಗ್ಗೆ ನಾನು ಹಾಸಿಗೆ ಎತ್ತಿಕೊಂಡು ದಕ್ಕೆಗೆ ನಡೆದೆ.

ಬಾಗಿಲು ತೆಗೆದದ್ದು ಪ್ರಫುಲ್ಲಾ. ಅತ್ತು ಅತ್ತು ಮುಖ ಊದಿತ್ತು. "ಒಬ್ಬರು ಬಂದಾಯ್ತಲ್ಲ. ನೀವ್ಯಾಕೆ?"

"ನಾನು ಎದ್ದು ಬಂದದ್ದಕ್ಕೆ ಇದು ನಿನ್ನ ಮೇಲೆ ಬಿತ್ತು. ಈ ಬೇಡದಲ್ಲಿ ನಂದೂ ಪಾಲಿದೆ."

"ಕೋಣೇಲಿ ಇರೋದು ಒಬ್ಬರಿಗೆ ಜಾಗ."

"ಜಗಲಿ ಸಾಕು."

ಬಾಗಿಲು ಹಾಕಿಕೊಂಡಳು. ನಾನು ಜಗಲಿಯಲ್ಲೇ ಹಾಸಿಗೆ ಬಿಡಿಸಿದೆ. ಎರಡು ದಿನ ಅವರ ಬಲೆ ಬಿಡಿಸಿದೆ, ಅಂಗಳ ಗುಡಿಸಿದೆ. ಮನೆಯವರು ರುದ್ರೋಜಿಗೆ ಒಳಗೆ ಬಡಿಸಿ ನನಗೆ ತಟ್ಟೆಯನ್ನು ಹೊರಗೆ ತಂದಿಡುತ್ತಿದ್ದರು. ಅವಳು ನನ್ನ ಮುಂದೆಯೇ ಓಡಾಡುವಳು, ಮಾತಿಲ್ಲ. ನಾನೂ ಮಾತಾಡಿಸಲಿಲ್ಲ. ನನ್ನ ಮಾತು ಅವಳಿಗೆ ಮಾಡಿದ್ದು ಸಾಕಾಗಿತ್ತು.

ಮೂರನೆಯ ದಿನ ಹಡಗು ಹೊರಟಿತು. ಜಗಲಿಯಿಂದ ಎಲ್ಲವೂ ಕಾಣುತ್ತಿತ್ತು. ಹುಡುಗಿಯರು ಸಾಲಾಗಿ ಹತ್ತಿದರು. ಹೊನ್ನಿ ಕೊನೆಯವಳು. ಸಾತವ್ವ ಅವಳ ಬಲಗಿವಿಯ ಹತ್ತಿರ ಏನೋ ಹೇಳಿ ಬೆನ್ನು ತಟ್ಟಿ ಕಳಿಸಿದಳು. ಹಡಗು ಕೂಗು ಹಾಕಿತು. ಪ್ರಫುಲ್ಲಾ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ಎಳೆದು ತಂದು ಜಗಲಿಯಲ್ಲಿಟ್ಟಳು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರು, ಊರಿನ ಹೆಸರು ಬರೆದಿತ್ತು. ಅದರ ಮೇಲೇ ಕೂತಳು. ಹಡಗು ಬೆರಳಷ್ಟಾಗುವವರೆಗೆ ನೋಡಿದಳು.

"ನಿಮ್ಮ ಮಾತಿಗೆ ಇನ್ನು ಬೆಲೆ ಇಲ್ಲ, ಅಲ್ವ?" ಅಂದಳು, ಕಡಲಿನಿಂದ ಕಣ್ಣು ತೆಗೆಯದೆ.

"ಇಲ್ಲ."

"ಯಾರೂ ನಿಮ್ಮ ಮಾತು ಕೇಳ್ಕೊಂಡು ನನ್ನ ಸೇರಿಸೋದೂ ಇಲ್ಲ, ಬಿಡೋದೂ ಇಲ್ಲ."

"ಇಲ್ಲ."

"ಹಾಗಾದ್ರೆ ಹೆದರ್ದೆ ಹೇಳಿ. ಅವತ್ತು ನಾನು ಹೇಗೆ ಆಡ್ದೆ?"

ನಾನು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟು ಅವಳ ಕಡೆ ತಿರುಗಿ ಕೂತೆ.

"ಮೂರನೇ ನಿಮಿಷಕ್ಕೆ ನಿನಗೆ ಮೊದಲ ಚೆಂಡು ಬಂತು," ಅಂದೆ. "ಅಲ್ಲಿಂದ ಹೇಳ್ತೀನಿ."